ಸುತ್ತಿಗೆಗೆ ಸನ್ಮಾನ

ಬಡಾವಣೆಯ ಜನರೆಲ್ಲ ಬಂದು ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಒಂದು ಕಾರ್ಯಾಗಾರ. ಅಲ್ಲಿ ಅಂದು ರಿಪೇರಿ ದಿನ. ಕಾರ್ಯಕ್ರಮದ ಹೊಣೆ ಹೊತ್ತದ್ದು ಮೈಕು. ಕಾಲು ಸಡಿಲಾದ ಕುರ್ಚಿ, ಕಡ್ಡಿ ಮುರಿದ ಕೊಡೆ, ತಿರುಗದ ಫ್ಯಾನು ಬೆಳಿಗ್ಗೆಯೇ ಬಂದು ಕಾದು ಕೂತವು. ಸುತ್ತಿಗೆ ತುದಿಗಾಲಲ್ಲಿ ನಿಂತಿತ್ತು.

"ಶುರು ಮಾಡೋಣವೇ?" ಎಂದು ಕೇಳಿತು.

"ತಾಳಿ, ಮೊದಲು ಪ್ರಾರ್ಥನೆ" ಎಂದಿತು ಮೈಕು.

ಪ್ರಾರ್ಥನೆಯಾದ ಮೇಲೆ ಸ್ವಾಗತ, ಸ್ವಾಗತದ ಮೇಲೆ ಪ್ರಾಸ್ತಾವಿಕ ನುಡಿ. ಕೆಲಸದ ಮೇಜಿಗೆ ಬಿಳಿ ಬಟ್ಟೆ ಹಾಸಿ ಹೂಗುಚ್ಛ ಇಟ್ಟಾಗಿತ್ತು. ಕೊನೆಗೆ ಮೈಕು ಸುತ್ತಿಗೆಯನ್ನೇ ವೇದಿಕೆಗೆ ಕರೆದು, ಶಾಲು ಹೊದಿಸಿ, "ನಮ್ಮ ಹೆಮ್ಮೆಯ ಶ್ರಮಜೀವಿ" ಎಂದು ಹೊಗಳಿ ಕೂರಿಸಿಬಿಟ್ಟಿತು. ಶಾಲಿನೊಳಗೆ ಸುತ್ತಿಗೆ ಕುದಿಯುತ್ತಿತ್ತು. ಕೆಲಸಕ್ಕೆಂದು ಕರೆದು ಕೈಕಟ್ಟಿ ಕೂರಿಸುವ ಈ ಮರ್ಯಾದೆ ಯಾರಿಗೆ ಬೇಕಿತ್ತು?

ಸಂಜೆಯಾಯಿತು. ಕುರ್ಚಿ ಮೆಲ್ಲಗೆ ಎದ್ದಿತು.

"ಕುಂಟುತ್ತ ಬಂದೆ, ಕುಂಟುತ್ತಲೇ ಹೊರಟೆ. ಬರ್ತೀನಣ್ಣ" ಎಂದು ಸುತ್ತಿಗೆಗೆ ಹೇಳಿತು.

ಸುತ್ತಿಗೆ ಶಾಲು ಕಿತ್ತೆಸೆದು ಕೆಳಕ್ಕೆ ಹಾರಿತು. ಹೂಗುಚ್ಛವನ್ನು ಆಚೆ ತಳ್ಳಿ, ಕುರ್ಚಿಯನ್ನು ಮೇಜಿನ ಮೇಲೆ ಮಲಗಿಸಿ, ಕಾಲಿಗೆ ಬೆಣೆಯಿಟ್ಟು ಬಡಿಯತೊಡಗಿತು. ಠಕ್! ಠಕ್!

"ಏನ್ರೀ ಇದು ಗಲಾಟೆ!" ಮೈಕು ಕಿರುಚಿತು. "ವಂದನಾರ್ಪಣೆ ನಡೀತಿದೆ, ಸದ್ದು ಮಾಡಬೇಡಿ!"

"ಬೆಳಿಗ್ಗೆಯಿಂದ ಸದ್ದು ಮಾಡಿದ್ದು ಯಾರು ಸ್ವಾಮಿ?" ಎನ್ನುತ್ತ ಸುತ್ತಿಗೆ ಇನ್ನೊಂದು ಏಟು ಹಾಕಿತು.

ಕುರ್ಚಿ ಇಳಿದು ನಾಲ್ಕೂ ಕಾಲೂರಿ ನಿಂತಿತು. ಸಭೆಯಿಂದೆದ್ದ ಕೊಡೆ, ಫ್ಯಾನು ಆಗಲೇ ಮೇಜಿನ ಮುಂದೆ ಸಾಲುಗಟ್ಟಿದ್ದವು. ಮೈಕು ಖಾಲಿ ಸಾಲುಗಳಿಗೆ ಧನ್ಯವಾದ ಹೇಳುತ್ತಲೇ ಇತ್ತು.