ಗೀಟು ಸಾಲದ ಕಾವಲುಗಾರ

“ಮೇಷ್ಟ್ರೇ, ಸಂಜೆಗೆ ಅಳಿದುಹೋಗಬೇಕಾದ ದಾರಿ ಬೆಳಿಗ್ಗೆ ಮತ್ತೆ ಬಂದು ಕೂತಿರುತ್ತೆ. ಯಾಕೆ?” ಎಂದು ನಾಗವೇಣಿ ಕೇಳಿದಳು.

ನಾಗವೇಣಿ ಒಂದು ಬೀಜ ಪರೀಕ್ಷಾ ಕೇಂದ್ರದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಅವನ್ನು ನಡೆಸುವ ಲಿನಕ್ಸ್ ಕಲಿತದ್ದು ಈ ಗುರುಪಾದಪ್ಪ ಮೇಷ್ಟ್ರ ಬಳಿ. ಕೇಂದ್ರದ ಯಂತ್ರ ದಿನವೂ ಶಾಖೆಗಳಿಗೆ ವಿಪಿಎನ್ ಎಂಬ ಗುಪ್ತ ದಾರಿ ತೆರೆದು, ಫಲಿತಾಂಶ ತಂದು, ದಾರಿ ಮುಚ್ಚುತ್ತದೆ. ಮುಚ್ಚಿದ ದಾರಿಯ ನೆನಪೂ ಅದಕ್ಕೆ ಇರಕೂಡದು. ಆದರೆ ಆ ತಾತ್ಕಾಲಿಕ ದಾರಿಗಳೆಲ್ಲ ಕಾಯಂ ಪಟ್ಟಿಗೆ ಸೇರಿಬಿಡುತ್ತಿದ್ದವು. ಮರುದಿನ ಯಂತ್ರ ಸತ್ತ ದಾರಿಯನ್ನೇ ನಂಬಿ ನಿಲ್ಲುತ್ತಿತ್ತು. ವರದಿ ಹೊರಗೆ ಹೋಗುತ್ತಿರಲಿಲ್ಲ. ಹನ್ನೆರಡು ದಿನ ಅವಳು ಅಳಿಸಿದಳು, ಹನ್ನೆರಡು ದಿನವೂ ಅವು ಮರಳಿ ಬಂದವು. ಮುಚ್ಚುವ ಆಜ್ಞೆಯನ್ನು ಹತ್ತು ಸಲ ಓದಿದ್ದಳು, ಅದರಲ್ಲಿ ಒಂದು ಚುಕ್ಕೆಯೂ ತಪ್ಪಿರಲಿಲ್ಲ.

‘ನನ್ನ ಅಲಕ್ಷ್ಯದಿಂದ ಹೀಗಾಯಿತು’ ಎಂದು ಬರೆದ ಕಾಗದವನ್ನು ಮೇಲಧಿಕಾರಿ ಅವಳ ಕೈಗೆ ಕೊಟ್ಟಿದ್ದರು. ನಾಳೆಯೊಳಗೆ ಸಹಿ ಬೀಳಬೇಕು, ಇಲ್ಲವೇ ಅವಳು ಕೆಲಸ ಬಿಡಬೇಕು.

“ಸಾಯೋವರೆಗೂ ಸಹಿ ಹಾಕಲ್ಲ ಮೇಷ್ಟ್ರೇ. ನನ್ನಷ್ಟು ಲಕ್ಷ್ಯ ಅಲ್ಲಿ ಯಾರಿಗಿದೆ? ಯಾವ ಪ್ರೋಗ್ರಾಮು ಹೀಗೆ ಮಾಡ್ತಿದೆ ಅಂತ ಹೇಳಿ, ಬುಡಸಮೇತ ಕಿತ್ತು ಬಿಸಾಕ್ತೀನಿ,” ಎಂದು ಅವಳು ಆ ಕಾಯಂ ಪಟ್ಟಿಯನ್ನು ಮೇಷ್ಟ್ರ ಮುಂದಿಟ್ಟಳು. ಜೋಳದ ಶಾಖೆ, ಹತ್ತಿ ಶಾಖೆ, ಶೇಂಗಾ ಶಾಖೆ ಎಂದು ಪಟ್ಟಿ ಉದ್ದಕ್ಕೂ ಅಚ್ಚುಕಟ್ಟಾಗಿತ್ತು. ಮೇಷ್ಟ್ರು ಅದನ್ನು ಓದಿ ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಒಂದು ಕೋಟೆಗೆ ಒಬ್ಬ ಕಾವಲುಗಾರನಿದ್ದ. ಬಂದು ಹೋಗುವ ಪರಸ್ಥಳದವರಿಗೆ ಬಾಗಿಲಲ್ಲಿ ಒಂದು ಹಲಗೆ ಇತ್ತು, ಕೋಟೆಯ ನಿವಾಸಿಗಳಿಗೆ ಒಳಗೆ ಒಂದು ಕಡತ ಇತ್ತು. ಒಬ್ಬ ಬಂದರೆ ಹಲಗೆಯ ಮೇಲೆ ಒಂದು ಗೀಟು ಎಳೆದರೆ ಮುಗಿಯಿತು. ಸಂಜೆ ಹಲಗೆ ಒಳಗೆ ಹೋಗುತ್ತಿತ್ತು, ಬೆಳಿಗ್ಗೆ ಒರೆಸಿಕೊಂಡು ಹೊರಗೆ ಬರುತ್ತಿತ್ತು.

ಈ ಕಾವಲುಗಾರ ಬಲು ಅಚ್ಚುಕಟ್ಟಿನ ಆಸಾಮಿ. ಅವನಿಗೆ ಬರೀ ಗೀಟು ಸಾಲದು. ಗೀಟಿನ ಪಕ್ಕದಲ್ಲಿ ಬಂದವನ ಹೆಸರು, ಅವನು ಹೋಗುವ ಕೇರಿ, ಎಲ್ಲವನ್ನೂ ದುಂಡಗೆ ಬರೆಯುತ್ತಿದ್ದ. ಹಾಗೆ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕಡತದಲ್ಲಿ ಹೆಸರಿದ್ದವರೆಲ್ಲ ಒಳಗೆ ಬರುವವರೆಗೆ, ಎಷ್ಟೇ ಹೊತ್ತಾದರೂ, ದಿಡ್ಡಿ ಬಾಗಿಲಿಗೆ ಅಗುಳಿ ಹಾಕುತ್ತಿರಲಿಲ್ಲ. ಒಂದು ಸಲ ಆ ಬಾಗಿಲಿನಿಂದ ಕಳ್ಳರು ನುಗ್ಗಿದರು. ನೋಡಿದರೆ, ಎಂದೋ ಬಂದು ಹೋದವರ ಹೆಸರುಗಳೆಲ್ಲ ಕಡತದಲ್ಲಿದ್ದವು, ಅವರಿಗಾಗಿ ಕಾದು ಬಾಗಿಲು ರಾತ್ರಿಯಿಡೀ ಅಗುಳಿಯಿಲ್ಲದೆ ಉಳಿದಿತ್ತು. ಕಾವಲುಗಾರ ಅವನ್ನು ಹೊಡೆದುಹಾಕಿಸಿದ. ಮರುದಿನ ಹೊಸ ಹೆಸರುಗಳು ಸೇರಿಕೊಂಡವು.

ದೊರೆ ಓಲೆ ಬರೆಸಿ, “ಕಾವಲಿನಲ್ಲಿ ನಿದ್ದೆ ಹೋದೆನೆಂದು ಒಪ್ಪಿ ಹೆಬ್ಬೆಟ್ಟು ಒತ್ತು” ಎಂದ.

“ಹೋಗಿದ್ದರೆ ಒತ್ತುತ್ತಿದ್ದೆ. ಹೋಗಿಲ್ಲ, ಒತ್ತುವುದಿಲ್ಲ. ತಲೆ ಬೇಕಾದರೆ ತೆಗೆದುಕೊಳ್ಳಿ” ಎಂದ ಕಾವಲುಗಾರ. ದೊರೆ ಅವನಿಗೆ ಒಂದು ದಿನದ ಗಡುವು ಕೊಟ್ಟ.

ಅಂದು ಕಾವಲುಗಾರನಿಗೆ ಮೈಯೆಲ್ಲ ಸಿಟ್ಟು. ಇಷ್ಟು ದುಡಿದದ್ದಕ್ಕೆ ಇದೇ ಬಹುಮಾನವಾದರೆ ಯಾರ ಹೆಸರು ಕಟ್ಟಿಕೊಂಡು ನನಗೇನು ಎಂದು, ಬಂದವರಿಗೆಲ್ಲ ಬರೀ ಗೀಟು ಎಳೆದ. ಮರುದಿನ ಕಡತದಲ್ಲಿ ಒಂದೇ ಒಂದು ಹೊಸ ಹೆಸರೂ ಇರಲಿಲ್ಲ.

ಅವನು ಒಳಗೆ ಹೋಗಿ, ಕಡತ ಬರೆಯುವ ಕರಣಿಕನನ್ನು ಕೇಳಿದ. ಕರಣಿಕನ ಪದ್ಧತಿ ಹಳೆಯದು. ಬರೀ ಗೀಟಿದ್ದರೆ ಒರೆಸುವುದು. ಯಾರೋ ಕೈಯಿಟ್ಟು ಹೆಸರು ಬರೆದಿದ್ದರೆ, ಆ ಹೆಸರಿನವನು ಕೋಟೆಗೆ ಬೇಕಾದವನೆಂದು ಕಡತಕ್ಕೆ ಏರಿಸಿ, ಆಮೇಲೆ ಒರೆಸುವುದು. ಪಾಪ, ಅವನದೂ ತಪ್ಪಿಲ್ಲ.

ಕಾವಲುಗಾರ ನೆಟ್ಟಗೆ ದೊರೆಯ ಮುಂದೆ ಹೋಗಿ ನಿಂತ. “ಹೆಸರು ಬರೆದ ಕೈ ನನ್ನದೇ, ದೊರೆ. ನಿದ್ದೆ ನನ್ನದಲ್ಲ. ಕೈ ನನ್ನದೆಂದು ಬರೆಸಿ, ಈಗಲೇ ಒತ್ತುತ್ತೇನೆ. ನಿದ್ದೆಯೆಂದು ಬರೆದ ಓಲೆಯನ್ನು ನನ್ನ ಕಣ್ಣೆದುರೇ ಹರಿಯಿರಿ” ಎಂದ. ದೊರೆ ಓಲೆಯನ್ನು ಹರಿದ.

ನಾಗವೇಣಿಯ ಮುಖ ಅರಳಿತು. ತನ್ನ ಪರವಾಗಿ ಒಬ್ಬನಾದರೂ ಸಿಕ್ಕಿದನಲ್ಲ ಎಂದು ಅವಳಿಗೆ ಸಮಾಧಾನವಾಯಿತು. “ನಾನೂ ಅದನ್ನೇ ಹೇಳ್ತಿರೋದು ಮೇಷ್ಟ್ರೇ. ಅಲಕ್ಷ್ಯ ಅಂದ್ರೆ ನಾನು ಒಪ್ಪಲ್ಲ,” ಎಂದಳು.

“ಒಪ್ಪಬೇಡ,” ಎಂದು ಮೇಷ್ಟ್ರು ಪಟ್ಟಿಯನ್ನು ಅವಳ ಕಡೆಗೆ ತಿರುಗಿಸಿದರು. ಜೋಳದ ಶಾಖೆಯ ಮೇಲೆ ಬೆರಳಿಟ್ಟರು.

“ಯಂತ್ರ ತಾನಾಗಿ ಕೊಡೋದು ಬರೀ ಒಂದು ಅಂಕಿ, ಈ ಚೆಂದದ ಹೆಸರುಗಳನ್ನು ಇಟ್ಟವರು ಯಾರಮ್ಮ?”