ಚನ್ನವೀರಪ್ಪನ ಲೈಬ್ರರಿ

ಪಟ್ಟಣದ ನೀರು ಸರಬರಾಜು ಕಚೇರಿಯಲ್ಲಿ ಬಿಲ್ಲಿನ ಪ್ರೋಗ್ರಾಂ ಬರೆದ ಚನ್ನವೀರಪ್ಪ ತೀರಿಕೊಂಡ. ಗುತ್ತಿಗೆ ನೌಕರನಿಗೆ ಶೋಕಸಭೆ ಯಾಕೆ ಎಂದರು ಸಾಹೇಬರು. ಅವನ ಮನೆಗೂ ಹೋಗಲಿಲ್ಲ. ಕಚೇರಿಯಲ್ಲಿ ಅವನ ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿ ಹಾಕಿಸಿದರು.

ತಿಂಗಳೊಳಗೆ ಹೊಸ ಕಂಪ್ಯೂಟರ್ ಬಂತು. ಬಿಲ್ಲಿನ ಪ್ರೋಗ್ರಾಂ ಅದರಲ್ಲಿ ಓಡಲು ಮತ್ತೆ ಕಂಪೈಲ್ ಆಗಬೇಕು. ಗುಮಾಸ್ತ ಕೂತು ನೋಡಿದ. ಬೇಕಾದ ಲೈಬ್ರರಿ, ಅಂದರೆ ಪ್ರೋಗ್ರಾಂ ನೆಚ್ಚಿಕೊಂಡ ಫೈಲುಗಳ ಕಟ್ಟು, ಸಿಗುತ್ತಿಲ್ಲ ಎಂದಿತು ಪರದೆ.

"ಸಂಜೆಯೊಳಗೆ ಆಗಬೇಕು. ಇಲ್ಲದಿದ್ರೆ ಸಸ್ಪೆಂಡ್," ಎಂದರು ಸಾಹೇಬರು.

"ಅದು ಚನ್ನವೀರಪ್ಪ ಬರೆದದ್ದರೀ, ಅವನ ಕಂಪ್ಯೂಟರಿನಾಗ ಇತ್ತು. ಅವನ ಮನ್ಯಾಗ ಪ್ರತಿ ಐತೇನು ಅಂತ ಕೇಳಬೇಕು."

"ಹೋಗಿ ಕೇಳು."

"ಆಫೀಸಿನ ಪರವಾಗಿ ಕೇಳೋರು ನೀವಲ್ಲೇನ್ರಿ?"

ಸಾಹೇಬರು ಗೊಣಗುತ್ತ ಜೀಪು ಹತ್ತಿದರು. ಗುಮಾಸ್ತನೂ ಹತ್ತಿದ.

ಬಾಗಿಲಲ್ಲಿ ಚನ್ನವೀರಪ್ಪನ ಹೆಂಡತಿ ನಿಂಬವ್ವ ನಿಂತಿದ್ದಳು. ಸಾಹೇಬರನ್ನು ಕಂಡು ಅತ್ತಳು.

"ದಿನಾ ನಿಮ್ಮ ಹಾದಿ ನೋಡ್ತಿದ್ದೆ ರೀ. ಸಾಯೋ ಮುಂದೂ ನಿಮ್ಮ ಬಿಲ್ಲಿನದೇ ಚಿಂತಿ ಅವರಿಗೆ."

ಸಾವಾದ ಮನೆಯಲ್ಲಿ ಏನನ್ನೂ ಕೇಳಬಾರದು. ಹೋಗಿ ಬರ್ತೀನಿ ಎನ್ನಲೂ ಬಾರದು. ಸಾಹೇಬರು ತಲೆ ತಗ್ಗಿಸಿ ಬಹಳ ಹೊತ್ತು ಕೂತರು. ಆಮೇಲೆ ಕೈ ಮುಗಿದು ಎದ್ದು ಬಂದರು.

"ಕೇಳೋಕೆ ಬಾಯೇ ಬರಲಿಲ್ಲವೋ," ಎಂದರು ಜೀಪಿನಲ್ಲಿ.

ಗುಮಾಸ್ತ ಕಿಸೆಯಿಂದ ಪೆನ್‌ಡ್ರೈವ್ ತೆಗೆದ.

"ಲೈಬ್ರರಿ ಇದರಾಗೈತ್ರಿ. ನೀವು ಅಳಿಸೋಕಿಂತ ಮೊದಲ ಇಳಿಸಿಕೊಂಡಿದ್ದೆ."

"ಮತ್ತೆ ನನ್ನನ್ನ ಇಲ್ಲಿಗೆ ಯಾಕೆ ಕರ್ಕೊಂಡು ಬಂದೆ?"

"ಆಕಿಗೆ ಬೇಕಾದ್ದು ನನ್ನ ಕಿಸೆದಾಗ ಇರಲಿಲ್ಲರೀ."