ವಿಮಾನದ ಬಯಲಿನಲ್ಲಿ ಮೌನ

ರಾಚಯ್ಯನವರ ಮಠದಲ್ಲಿ ಮಂತ್ರ ಸುಮ್ಮನೆ ಸಿಗುತ್ತಿರಲಿಲ್ಲ. ನಲವತ್ತೆಂಟು ದಿನ ಬಾಯಿ ಬಿಡದೆ ಇದ್ದು ತೋರಿಸಬೇಕು. ಆಮೇಲೆ ಗುರುಗಳು ಕೊಡುವ ಮಂತ್ರವೇ ಶಿಷ್ಯನ ಮೊದಲ ಮಾತು. ನಡುವೆ ಒಂದು ಮಾತು ಜಾರಿದರೂ ಮುಂದಿನ ವರ್ಷದ ತನಕ ಕಾಯಬೇಕು.

ಶಿವನಂಜ ಎರಡು ಸಲ ಸೋತಿದ್ದ. ಮೊದಲ ವರ್ಷ ಬಿಸಿ ಗಂಜಿ ಕಾಲಿನ ಮೇಲೆ ಚೆಲ್ಲಿ "ಅಯ್ಯಪ್ಪಾ" ಅಂದುಬಿಟ್ಟ. ಮರುವರ್ಷ ಮಠಕ್ಕೆ ಬಂದವರು ಯಾರೋ "ಹೊಳೆ ಯಾವ ಕಡೆ?" ಎಂದು ಕೇಳಿದರು. ಇವನು ಮರ್ಯಾದಸ್ಥ, "ಬಲಕ್ಕೆ" ಅಂದ.

ಮೂರನೆಯ ಸಲ ಅವನು ಹಗಲೆಲ್ಲ ಹೋಗಿ ಕೂರುತ್ತಿದ್ದದ್ದು ವಿಮಾನದ ಬಯಲಿನಲ್ಲಿ. ಮಠದ ಬೆನ್ನಿಗೇ ರಾಷ್ಟ್ರೀಯ ಉದ್ಯಾನದ ಕಾಡು. ಅದು ಉದ್ಯಾನವಾಗುವುದಕ್ಕೆ ಮುಂಚೆ ಯಾರೋ ದೊಡ್ಡವರ ಸಣ್ಣ ವಿಮಾನ ಅಲ್ಲಿ ಇಳಿಯುತ್ತಿತ್ತಂತೆ. ಈಗ ಡಾಂಬರಿನ ಬಿರುಕಿನಲ್ಲೆಲ್ಲ ಹುಲ್ಲು. ಕಾಡಿನ ಗಾರ್ಡು ಕಂಡೂ ಕಾಣದ ಹಾಗಿರುತ್ತಿದ್ದ. ಅಲ್ಲಿ ಗಂಜಿ ಇಲ್ಲ, ದಾರಿ ಕೇಳುವವರಿಲ್ಲ. ಈ ಸಲ ನನ್ನನ್ನು ಮಾತಾಡಿಸುವವರು ಯಾರು ಎಂದು ಶಿವನಂಜ ಒಳಗೊಳಗೇ ಹಿಗ್ಗಿದ.

ನಲವತ್ತೇಳನೆಯ ದಿನ ಸಂಜೆ ಅವನು ಮಠಕ್ಕೆ ಓಡಿಬಂದು ಗುರುಗಳ ಕಾಲಿಗೆ ಬಿದ್ದ. ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಮಾತಾಡ್ಬುಟ್ಟೆ ಬುದ್ದಿ! ಒಂದೇ ದಿನ ಉಳಿದಿತ್ತು. ಕೂಗ್ಬುಟ್ಟೆ!"

"ಏನಂತ ಕೂಗ್ದೆ?"

"ಅವ್ವಾ, ಆನೆ, ಓಡು ಅಂತ."

ರಾಚಯ್ಯನವರು ನೆಟ್ಟಗೆ ಕೂತರು. "ಯಾರ್ಲಾ ಅವ್ವ?"

"ಕಾಡಂಚಿನ ಹಾಡೀಲಿರೋ ಮುದುಕಿ ಕೇತಮ್ಮ ಬುದ್ದಿ. ನೆಲ್ಲಿಕಾಯಿ ಮೂಟೆ ಬಿಗೀತಾ ಆ ಕಡೆ ಮುಖ ಮಾಡ್ಕೊಂಡು ಕೂತಿದ್ಲು. ಹಿಂದ್ಗಡೆಯಿಂದ ಒಂಟಿ ಸಲಗ ಬತ್ತಾ ಇತ್ತು."

"ಈಗ ಎಲ್ಲವ್ಳೆ?"

"ಅಲ್ಲೇ ಒಂದು ಹಳೇ ಸಿಮೆಂಟು ಕೋಣೆ ಅದೆ. ಓಡೋಗಿ ಒಳಕ್ಕೆ ಸೇರ್ಕೊಂಡ್ಲು. ಆನೆ ಹೊಳೆ ದಾಟಿದ್ಮೇಲೆ ಗಾರ್ಡು ಕರ್ಕೊಂಡೋಗಿ ಹಾಡಿಗೆ ಬಿಟ್ರು."

ಗುರುಗಳು ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟರು. "ಶಿವ ದೊಡ್ಡವನು. ಏಳು, ಉಣ್ಣು."

"ನನ್ನ ಮೌನ ಬುದ್ದಿ?"

"ಮೊದಲು ಉಣ್ಣು."

ಕೂತನೇನೋ ಸರಿ, ತುತ್ತು ಇಳಿಯಲಿಲ್ಲ. ಮುದುಕಿ ಬದುಕಿದಳಲ್ಲ ಎಂಬ ಸಮಾಧಾನವಿತ್ತು. ಮೂರನೆಯ ಸಲವೂ ಕೈತಪ್ಪಿತಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದಿತ್ತು. ಅದು ದೊಡ್ಡದಿದೆಯಲ್ಲ ಎಂದು ನಾಚಿಕೆಯೂ ಆಯಿತು.

ಮರುದಿನ ಬೆಳಿಗ್ಗೆ ಗುರುಗಳು ಕೋಲು ಹಿಡಿದು ಶಿಷ್ಯನನ್ನು ಕರೆದುಕೊಂಡು ಹೊರಟರು. ಆನೆ ಇನ್ನೂ ಹೊಳೆಯಾಚೆಗೇ ಇದೆ ಎಂದು ಗಾರ್ಡು ಹೇಳಿದ ಮೇಲೆಯೇ ಬಯಲಿಗೆ ಕಾಲಿಟ್ಟರು. ಗಾರ್ಡೂ ಜೊತೆಗೆ ಬಂದ.

"ಕೇತಮ್ಮ ಎಲ್ಲಿ ಕೂತಿದ್ಲು?"

ಶಿವನಂಜ ತೋರಿಸಿದ. ಗುರುಗಳು ಅಲ್ಲಿ ಡಾಂಬರಿನ ಬಿರುಕಿಗೆ ಕೋಲು ಸಿಕ್ಕಿಸಿ, ಅದಕ್ಕೆ ತಮ್ಮ ಹೆಗಲ ಮೇಲಿನ ವಲ್ಲಿ ಹೊದಿಸಿದರು.

"ಆನೆ?"

"ಆ ಬಿದಿರು ಮೆಳೆಯಿಂದ ಬಂತು ಬುದ್ದಿ."

"ನೀನು ನೆನ್ನೆ ಇದ್ದ ಜಾಗಕ್ಕೆ ಹೋಗು. ನಾನೇ ಆನೆ. ನೆನ್ನೆ ಏನೇನು ಮಾಡ್ದೋ ಅದನ್ನೇ ಮಾಡು. ಒಂದೂ ಬಿಡಬ್ಯಾಡ."

ಎಪ್ಪತ್ತು ದಾಟಿದ ಗುರುಗಳು ಬಲಗೈಯನ್ನು ಸೊಂಡಿಲಿನ ಹಾಗೆ ತೂಗಾಡಿಸುತ್ತ ಮೆಳೆಯ ಹಿಂದಿನಿಂದ ಹೊರಟರು. ಗಾರ್ಡು ಮುಖ ತಿರುಗಿಸಿಕೊಂಡು ನಕ್ಕ. ಶಿವನಂಜನಿಗೂ ನಗು ಬಂತು.

ಅವನು ಕೋಲಿನ ಕಡೆ ತಿರುಗಿ ಚಪ್ಪಾಳೆ ತಟ್ಟಿದ. ಆನೆ ಬರುತ್ತಿತ್ತು.

ಟವೆಲ್ಲು ಬೀಸಿದ. ಆನೆ ಬರುತ್ತಿತ್ತು.

ಬಗ್ಗಿ ಕಲ್ಲು ಹುಡುಕಿ ಎಸೆದ. ಅದು ಅರ್ಧ ದಾರಿಗೇ ಬಿತ್ತು. ಇನ್ನೊಂದು ಹುಡುಕಿದ. ನಗು ಯಾವಾಗಲೋ ನಿಂತುಹೋಗಿತ್ತು.

"ಅವ್ವಾ! ಆನೆ! ಓಡು!"

ಗುರುಗಳು ಇದ್ದಲ್ಲೇ ನಿಂತರು. ಅಲ್ಲಿಂದ ಕೋಲಿನ ತನಕ ಎಣಿಸುತ್ತ ನಡೆದರು. ಹತ್ತು ಹೆಜ್ಜೆ. ಕೋಲಿನಿಂದ ಮೆಳೆಯ ತನಕ ಎಣಿಸಿದರು. ತೊಂಬತ್ತು.

ತಿರುಗಿ ಬಂದು ಹೇಳಿದರು: "ಆನೆ ನಡೆದ ಎಂಬತ್ತು ಹೆಜ್ಜೆ ನೀನು ನಿನ್ನ ಮಂತ್ರಕ್ಕೆ ಕೊಟ್ಟೆ ಶಿವನಂಜ. ಹತ್ತು ಕೇತಮ್ಮಂಗೆ."

ಶಿವನಂಜ ಅಲ್ಲೇ ಕುಸಿದು ಕೂತ. ನಿನ್ನೆಯಿಂದ ತಾನು ಅತ್ತದ್ದು ಯಾವುದಕ್ಕೆ, ಅಳಬೇಕಾಗಿದ್ದದ್ದು ಯಾವುದಕ್ಕೆ!

"ನಾನು ಪಾಪಿ ಬುದ್ದಿ."

"ಹತ್ತು ಉಳಿಸ್ದಲ್ಲ ಮಗ. ಅವಳಿಗೆ ಅಷ್ಟೇ ಸಾಕಾಯ್ತು. ಬರೋವಾಗ ನೋಡ್ಲಿಲ್ವಾ, ಅವಳ ಗುಡಿಸಲಲ್ಲಿ ಹೊಗೆ ಆಡ್ತಾ ಇತ್ತು."

ಶಿವನಂಜನ ಎದೆ ಹಗುರಾಯಿತು. ನಿನ್ನೆ ಸಂಜೆ ಬರಬೇಕಿದ್ದ ಸಂತೋಷ ಈಗ ಬಂತು. ಕಣ್ಣೊರೆಸಿಕೊಂಡು ಕೇಳಿದ: "ಮುಂದಿನ ವರ್ಷ ಮತ್ತೆ ಮೌನ ಕೂರ್ಲಾ ಬುದ್ದಿ?"

ಗುರುಗಳು ಮತ್ತೆ ಮೆಳೆಯ ಕಡೆಗೆ ನಡೆದರು.

"ಇನ್ನೊಂದ್ಸಲ!" ಎಂದು ಅಲ್ಲಿಂದಲೇ ಕೂಗಿದರು.

ಈ ಸಲ ಅವರು ಮೆಳೆಯಿಂದ ಒಂದು ಕಾಲು ಹೊರಗಿಟ್ಟರೋ ಇಲ್ಲವೋ, ಶಿವನಂಜ ಗಂಟಲು ಬಿರಿಯುವ ಹಾಗೆ ಕೂಗಿದ.

"ಅವ್ವಾ! ಆನೆ! ಓಡು!"

ಬಯಲಿನ ಆ ತುದಿಯಲ್ಲಿ ಮೇಯುತ್ತಿದ್ದ ಜಿಂಕೆಗಳು ಚೆಲ್ಲಾಪಿಲ್ಲಿಯಾದವು. ಗಾರ್ಡು ಬೆಚ್ಚಿಬಿದ್ದು ನಾಲ್ಕು ಮಾರು ಓಡಿಯೇಬಿಟ್ಟ.

ರಾಚಯ್ಯನವರು ಸೊಂಡಿಲು ಇಳಿಸಿ, ನಗುತ್ತ ನಡೆದುಬಂದು ಶಿಷ್ಯನ ತಲೆಯ ಮೇಲೆ ಕೈಯಿಟ್ಟರು.

"ಇದೇ ನಿನ್ನ ಮಂತ್ರ ಮಗ. ಇದನ್ನ ಮನಸ್ಸಲ್ಲೇ ಜಪಿಸ್ಬ್ಯಾಡ."